ಹಿಮಕ್ಕೆ ಅಗಲದ ಹಲಗೆ

ಮೈಸೂರಿನಿಂದ ಫೋನಿನಲ್ಲಿ ಕೇಳಿದ ಪ್ರಶ್ನೆ ಒಂದೇ: ಅಗಲದ್ದು ಬೇಕೋ, ಸಣ್ಣದು ಸಾಕೋ? ಅದಕ್ಕೆ ತಟ್ಟನೆ ಉತ್ತರ ಕೊಟ್ಟಿದ್ದರೆ ಡ್ರಿಲ್ ಮೇಷ್ಟ್ರು ಚಲುವರಾಜು ಆ ಶನಿವಾರ ಬೆಳಗಿನ ಶಾಲೆ ಮುಗಿಸಿ, ಮನೆಗೆ ಹೋಗಿ ಮುದ್ದೆ ಉಂಡು ನಿದ್ದೆ ಮಾಡಬಹುದಿತ್ತು. ಆದರೆ ಅವನು ತಟ್ಟನೆ ಉತ್ತರ ಕೊಡುವ ಪೈಕಿಯಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸಲು ಕೂತರೆ, ಗಿಡದಲ್ಲಿ ಮುಂದಿನ ಕಾಯಿ ಬಲಿಯುವ ತನಕ ಏಳದ ಆಸಾಮಿ.

ಫೋನು ಮಾಡಿದವರು ಯುವಜನ ಶಿಬಿರದ ಅಧಿಕಾರಿ. ಪ್ರತಿ ವರ್ಷ ಅವರು ಡ್ರಿಲ್ ಮೇಷ್ಟ್ರುಗಳನ್ನು ಮನಾಲಿಗೆ ಕರೆದುಕೊಂಡು ಹೋಗಿ ಹಿಮದ ಮೇಲೆ ಜಾರುವುದನ್ನು ಕಲಿಸುತ್ತಿದ್ದರು. ಸತತವಾಗಿ ಅರ್ಜಿ ಹಾಕಿ ಹಾಕಿ ಚಲುವರಾಜುವಿನ ಹೆಸರು ಈ ಸಲ ಬಂದಿತ್ತು. ಪಾಂಡವಪುರದಲ್ಲಿ ಹುಟ್ಟಿ ಬೆಳೆದ ಅವನಿಗೆ ಬೆಟ್ಟವೆಂದರೆ ಕುಂತಿಬೆಟ್ಟ ಒಂದೇ. ಶಾಲೆಯ ಅಂಗಳದಲ್ಲಿ ನಿಂತರೆ ಅದೇ ಬಂಡೆ, ಅಡುಗೆಮನೆಯ ಕಿಟಕಿಯಲ್ಲಿ ಇಣುಕಿದರೂ ಅದೇ ಬಂಡೆ. ವಾರವಾರ ಹುಡುಗರನ್ನು ಅದರ ಮೇಲೆ ಹತ್ತಿಸಿ ಇಳಿಸಿ ಅವನಿಗೆ ಸಾಕುಸಾಕಾಗಿತ್ತು. ಸಾಯುವುದರೊಳಗೆ ಒಂದು ಬಿಳೀ ಬೆಟ್ಟ ನೋಡಬೇಕು. ಇಷ್ಟೇ ಅವನ ಆಸೆ. ಹೆಂಡತಿ ಯಶೋಧ ಆಗಲೇ ಉಲ್ಲನ್ ಟೋಪಿ ಹೆಣೆದು ಟ್ರಂಕಿನಲ್ಲಿಟ್ಟಿದ್ದಳು.

“ನೋಡ್ರಿ, ಕಾಲಿಗೆ ಕಟ್ಟಿಕೊಳ್ಳೋ ಸ್ಕೀ ಹಲಗೆಯಲ್ಲಿ ಎರಡು ತರಹ ಇದೆ,” ಎಂದರು ಅಧಿಕಾರಿ. “ತುಳಿದು ಗಟ್ಟಿಯಾದ ಹಿಮಕ್ಕೆ ಸಣ್ಣದು. ಹೊಸದಾಗಿ ಬಿದ್ದ ಹಿಮ ಹಿಟ್ಟಿನ ಹಾಗೆ ಮೆತ್ತಗಿರುತ್ತೆ, ಅದಕ್ಕೆ ಅಗಲದ್ದು, ಮುಳುಗೋದಿಲ್ಲ. ಆದರೆ ದಾರಿಯಿಲ್ಲದ ಕಡೆ ಬೆಟ್ಟ ಹತ್ತಿ ಆಮೇಲೆ ಜಾರಬೇಕಲ್ಲ, ಹತ್ತುವಾಗ ಅಗಲದ್ದು ಭಾರ. ಯಾವುದು ಅಂತ ಸಂಜೆ ಐದರೊಳಗೆ ಹೇಳಿ. ಅಂದಹಾಗೆ, ಬೆಟ್ಟ ಹತ್ತಿ ಅಭ್ಯಾಸ ಇದೆ ತಾನೆ?”

ಎಲ್ಲಿ ಹೆಸರು ಹೊಡೆದುಹಾಕುತ್ತಾರೋ ಎಂದು ಚಲುವರಾಜುವಿಗೆ ದಿಗಿಲಾಯಿತು. “ಏನ್ ಸಾರ್ ಹಿಂಗಂತೀರಿ! ನಮ್ಮೂರ ಕುಂತಿಬೆಟ್ಟ ಇದೆಯಲ್ಲ, ಹಿಮಾಲಯಕ್ಕೆ ಏನೂ ಕಮ್ಮಿ ಇಲ್ಲ. ಹಿಮ ಒಂದಿಲ್ಲ ಅನ್ನೋದು ಬುಟ್ರೆ ಅಂಥ ಬೆಟ್ಟ ಇಂಡಿಯಾದಲ್ಲೇ ಇಲ್ಲ ಸಾರ್,” ಎಂದುಬಿಟ್ಟ. ಆ ಕಡೆ ಅಧಿಕಾರಿ “ಹೌದಾ!” ಎಂದು ಫೋನು ಇಟ್ಟರು.

ಹೆಡ್‌ಮಾಸ್ಟರ್ ಶಿವಲಿಂಗಯ್ಯನವರು ಪಕ್ಕದಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ಕಂಡದ್ದು ಐಸ್‌ಕ್ಯಾಂಡಿ ಡಬ್ಬದೊಳಗಿನ ಹಿಮವನ್ನು ಮಾತ್ರ. ಆದರೂ ಅಭಿಪ್ರಾಯ ಸಿದ್ಧವಾಗಿತ್ತು.

“ಸಣ್ಣದು ತಗೊಳಪ್ಪ. ಅಗಲದ್ದು ಕಟ್ಕೊಂಡು ಬೆಟ್ಟ ಹತ್ತಿದ್ರೆ ಮ್ಯಾಲೆ ತಲುಪೋದ್ರಲ್ಲಿ ಪೆನ್ಷನ್ ಬಂದಿರ್ತದೆ.”

ಮನೆಗೆ ಬಂದರೆ ಯಶೋಧ ಬೇರೆ ಹೇಳಿದಳು. “ಅಗಲದ್ದೇ ತಗೊಳ್ರಿ. ನಿಮ್ಮ ಹೊಟ್ಟೆ ನೋಡ್ಕೊಳಿ. ಸಣ್ಣ ಹಲಗೆ ಮೇಲೆ ನಿಂತ್ರೆ ಮೊಳೆ ಹೊಡ್ದಂಗೆ ಒಳಕ್ಕೆ ಹೋಗ್ತೀರಿ. ಆಮೇಲೆ ನಾನು ಯಾರನ್ನ ಹುಡುಕ್ಲಿ?”

ಪಕ್ಕದ ಮನೆಯ ಬೈರಮ್ಮ ಗೋಡೆಯಾಚೆಯಿಂದಲೇ ತೀರ್ಪು ಕೊಟ್ಟಳು. ಎಪ್ಪತ್ತು ದಾಟಿದ ಮುದುಕಿ, ಕೆಸರುಗದ್ದೆಯಲ್ಲೇ ಆಯಸ್ಸು ಸವೆಸಿದವಳು. “ಲೇ ಚಲುವರಾಜ, ಕೆಸರಲ್ಲಿ ಕೋಳಿ ಊತ್ಕತದೆ, ಬಾತುಕೋಳಿ ಊತ್ಕಳಕಿಲ್ಲ. ಯಾಕೇಳು? ಪಾದ ಅಗಲ ಕಣ್ಲಾ. ನೀನು ಬಾತುಕೋಳಿ ಆಗು ಮಗ.”

ಹೆಡ್‌ಮಾಸ್ಟರ ಮಾತೂ ಸರಿ, ಬಾತುಕೋಳಿಯೂ ಸರಿ. ಚಲುವರಾಜುವಿಗೆ ಅನ್ನ ಇಳಿಯಲಿಲ್ಲ. ಕೊನೆಗೆ ಬಡಗಿ ಮಂಚಯ್ಯನ ಹತ್ತಿರ ಓಡಿದ. ಮಂಚಯ್ಯ ಶಾಲೆಯ ಮುರುಕಲು ಬೆಂಚುಗಳನ್ನು ರಿಪೇರಿ ಮಾಡುತ್ತ ಜಗಲಿಯಲ್ಲಿ ಕೂತಿದ್ದ.

“ಯೋಚ್ನೆ ಯಾಕೆ ಮೇಷ್ಟ್ರೇ? ಎರಡನ್ನೂ ಕಟ್ಕೊಂಡು ನೋಡ್ಬುಟ್ರಾಯ್ತು,” ಎಂದ ಮಂಚಯ್ಯ. “ಹಿಟ್ಟಿನಂಗೆ ಮೆತ್ತಗಿರೋದು ನಮ್ಮೂರಲ್ಲೂ ಅದೆಯಲ್ಲ, ಅಕ್ಕಿ ಗಿರಣಿ ಹಿಂದ್ಗಡೆ!”

ನಿಜ. ಸುಗ್ಗಿ ಮುಗಿದ ಹೊಸತು. ಗಿರಣಿಯ ಹಿತ್ತಿಲಲ್ಲಿ ಭತ್ತದ ಹೊಟ್ಟು ಎರಡಾಳೆತ್ತರ ಗುಡ್ಡೆ ಬಿದ್ದು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಮಂಚಯ್ಯ ಮೇಲ್ಛಾವಣಿಗೆ ಹೊಡೆಯುವ ತೆಳು ಮರದ ರೀಪರ್‌ನಲ್ಲಿ ಒಂದು ಜೊತೆ ಸಣ್ಣದು ಕೆತ್ತಿದ. ಎರಡು ಬೆಂಚುಗಳ ಹಲಗೆ ಕಳಚಿ, ಮೂತಿಗೆ ತಗಡು ಬಗ್ಗಿಸಿ ಹೊಡೆದು, ಒಂದು ಜೊತೆ ಅಗಲದ್ದನ್ನೂ ಮಾಡಿದ. ಕಾಲು ಸಿಕ್ಕಿಸಲು ಹೆಬ್ಬೆರಳ ಕಡೆ ಮಾತ್ರ ಸೈಕಲ್ ಟ್ಯೂಬಿನ ಪಟ್ಟಿ. ಹತ್ತುವಾಗ ಹಿಮ್ಮಡಿ ಏಳಬೇಕಲ್ಲ. ಹಿಂದಕ್ಕೆ ಜಾರದಿರಲಿ ಎಂದು ಅಡಿಗೆ ಹಳೇ ಕಂಬಳಿಯ ತುಂಡನ್ನು ದಾರದಲ್ಲಿ ಬಿಗಿದ. “ಮ್ಯಾಕೆ ಹೋದ್ಮೇಲೆ ಕಂಬಳಿ ಬಿಚ್ಚಿ, ಮರೀಬ್ಯಾಡಿ ಮತ್ತೆ,” ಎಂದು ಮೂರು ಸಲ ಹೇಳಿದ.

ಚಲುವರಾಜು ಗಿರಣಿಗೆ ಬರುವ ಹೊತ್ತಿಗೆ ಅರ್ಧ ಊರು ಅವನಿಗಿಂತ ಮೊದಲೇ ಬಂದಿತ್ತು. ಹೆಡ್‌ಮಾಸ್ಟರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ಮೊದಲು ಸಣ್ಣದು. ಎರಡು ಹೆಜ್ಜೆ ಇಡುವಷ್ಟರಲ್ಲಿ ಮೇಷ್ಟ್ರು ಬಿಸಿ ಸಾರಿಗೆ ಬಿಟ್ಟ ಮುದ್ದೆಯ ತುತ್ತಿನಂತೆ ಸೊಂಟದವರೆಗೆ ಮುಳುಗಿದ. ನಾಲ್ಕು ಜನ ಹಿಡಿದು ಕೀಳಬೇಕಾಯಿತು.

“ಅದು ಹೊಟ್ಟಿನ ದೋಷ, ಹಲಗೇದಲ್ಲ,” ಎಂದರು ಹೆಡ್‌ಮಾಸ್ಟರು.

ಆಮೇಲೆ ಅಗಲದ್ದು. ಏನಾಶ್ಚರ್ಯ! ಹೊಟ್ಟು ಅವನನ್ನು ಹೊತ್ತಿತು. ಕಂಬಳಿ ಕಚ್ಚಿ ಹಿಡಿಯಿತು. ಭಾರವೇನೋ ಇತ್ತು; ಒಂದೊಂದು ಕಾಲಿಗೂ ಒಂದೊಂದು ನೇಗಿಲು ಕಟ್ಟಿದಂತಿತ್ತು. ಆದರೂ ಉಸ್ಸಪ್ಪಾ ಎನ್ನುತ್ತ ತುದಿ ಮುಟ್ಟಿದ. ಕೆಳಗೆ ಚಪ್ಪಾಳೆ ಬಿತ್ತು. ಆ ಬೆಳ್ಳನೆಯ ಗುಡ್ಡೆಯ ನೆತ್ತಿಯಲ್ಲಿ ನಿಂತಾಗ ಒಂದು ಕ್ಷಣ ಅವನಿಗೆ ಮನಾಲಿಯೇ ಕಂಡಂತಾಯಿತು. ಆ ಸಂತೋಷದಲ್ಲಿ ಬಗ್ಗಿ ಬಲಗಾಲಿನ ಕಂಬಳಿ ಬಿಚ್ಚಿದ. ಅಷ್ಟರಲ್ಲಿ ಕೆಳಗಿನಿಂದ ಯಶೋಧ, “ರೀ, ಹುಷಾರು!” ಎಂದಳು. ಅವಳಿಗೆ ಕೈಬೀಸಿದ. ಎಡಗಾಲಿನದು ಮರೆತೇ ಹೋಯಿತು.

ಬಲಗಾಲು ಜಾರಿತು, ಎಡಗಾಲು ಒಲ್ಲೆನೆಂದಿತು. ಒಂದು ಎತ್ತು ಮಾತ್ರ ಬೆದರಿದ ಗಾಡಿಯಂತೆ ಮೇಷ್ಟ್ರು ಗಿರಗಿರನೆ ತಿರುಗುತ್ತ, ಹೊಟ್ಟಿನ ಮೋಡ ಎಬ್ಬಿಸುತ್ತ ಇಳಿದ. ಹೆಡ್‌ಮಾಸ್ಟರು ಕುರ್ಚಿ ಬಿಟ್ಟು ಓಡಿದರು. ಕುರ್ಚಿ ಉರುಳಿತು. ಗುಡ್ಡೆಯ ಬುಡದಲ್ಲಿ ದಾರ ಹರಿದು ಎಡಗಾಲಿನ ಕಂಬಳಿಯೂ ಕಳಚಿತು. ಈಗ ಎರಡೂ ಕಾಲು ಒಂದೇ ಮನಸ್ಸಾಗಿ, ಹಿತ್ತಿಲಿನ ಬದು ಹಾರಿ, ಕೆಳಗಿದ್ದ ಬೈರಮ್ಮನ ಗದ್ದೆಯ ಭತ್ತದ ಸಸಿಮಡಿಗೆ ನುಗ್ಗಿ, ಹಸಿರು ಸಸಿಗಳ ಮೇಲೆ ಈ ತುದಿಯಿಂದ ಆ ತುದಿಗೆ ಸೊಗಸಾಗಿ ಜಾರಿ, ಮೂಲೆಯ ಕೆಸರಿನಲ್ಲಿ ಮೇಷ್ಟ್ರನ್ನು ಮಕಾಡೆ ಕೆಡವಿದವು.

“ಅಯ್ಯೋ ನನ್ ಪೈರು!” ಬೈರಮ್ಮ ಬಾಯಿ ಬಡಿದುಕೊಂಡಳು. “ಬಾತುಕೋಳಿ ಆಗು ಅಂದ್ರೆ ನನ್ ಗದ್ದೇಲೇ ಆಗ್ಬೇಕಿತ್ತೇನ್ಲಾ ಮುಂಡೇದೇ? ನಾಳೆ ಬೆಳಕರಿಯೋದ್ರೊಳ್ಗೆ ಬಂದು ಒಂದೊಂದು ಸಸಿನೂ ಎತ್ತಿ ನಿಲ್ಲಿಸ್ಬೇಕು, ಗೊತ್ತಾಯ್ತಾ!”

ಚಲುವರಾಜು ಕೆಸರು ಉಗಿದು ತಲೆಯೆತ್ತಿದ. ಮುಖದಲ್ಲಿ ಹಲ್ಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೆ ಆ ಹಲ್ಲು ನಗುತ್ತಿತ್ತು. “ಆಗ್ಲಿ ಕಣಜ್ಜಿ. ಆದ್ರೆ ನೋಡ್ದಾ? ಕೆಸರಲ್ಲೂ ಮುಳುಗಲಿಲ್ಲ! ಅಗಲದ್ದೇ!”

ಜೀವನದಲ್ಲಿ ಮೊದಲ ಸಲ ಅವನಿಗೆ ಒಂದು ವಿಷಯದಲ್ಲಿ ಅನುಮಾನವೇ ಇರಲಿಲ್ಲ. ಐದಕ್ಕೆ ಹತ್ತು ನಿಮಿಷವಿತ್ತು. ಹಲಗೆಗಳನ್ನು ಹೆಗಲಿಗೇರಿಸಿ, ಕೆಸರು ತೊಟ್ಟಿಕ್ಕಿಸುತ್ತ ಬಸ್ ಸ್ಟ್ಯಾಂಡಿನ ಎಸ್‌.ಟಿ.ಡಿ. ಬೂತಿಗೆ ಓಡಿದ. ಹಿಂದೆ ಊರೂ ಓಡಿತು. ಬೂತಿನವನು ರಿಸೀವರಿಗೆ ಪೇಪರು ಸುತ್ತಿ ಕೊಟ್ಟ.

“ಸಾರ್, ಪಾಂಡವಪುರದಿಂದ ಚಲುವರಾಜು. ಅಗಲದ್ದು ಸಾರ್!”

“ಓ, ಚಲುವರಾಜು! ನಿಮಗೇ ಫೋನ್ ಮಾಡೋಣ ಅಂತಿದ್ದೆ,” ಎಂದರು ಅಧಿಕಾರಿ. “ಮನಾಲಿಯಲ್ಲಿ ಹಿಮ ವಿಪರೀತ ಬಿದ್ದು ದಾರಿಯೇ ಮುಚ್ಚಿಹೋಗಿದೆಯಂತೆ ಕಣ್ರಿ. ಈ ವರ್ಷದ ಶಿಬಿರ ಕ್ಯಾನ್ಸಲ್.”

ಚಲುವರಾಜು ಹೆಗಲ ಮೇಲಿನ ಹಲಗೆಗಳನ್ನು ಕೆಳಗಿಳಿಸಿದ.

“ಬೇಜಾರು ಮಾಡ್ಕೋಬೇಡಿ. ಬಂದ ಗ್ರಾಂಟು ವಾಪಸ್ಸು ಹೋಗಬಾರದು ಅಂತ ಬೇರೆ ಬೆಟ್ಟ ಹುಡುಕ್ತಿದ್ವಿ. ಬೆಳಿಗ್ಗೆ ನೀವು ಹೇಳಿದ್ದು ನೆನಪಾಯ್ತು. ಸಾಹೇಬರಿಗೆ ಹೇಳಿದೆ, ತಕ್ಷಣ ಒಪ್ಪಿದ್ರು. ಬಂಡೆ ಹತ್ತೋ ಶಿಬಿರ, ನಿಮ್ಮ ಕುಂತಿಬೆಟ್ಟದಲ್ಲೇ!”

“ಕುಂತಿಬೆಟ್ಟ...”

“ಹ್ಞಾಂ. ಹಿಮಾಲಯಕ್ಕೆ ಏನೂ ಕಮ್ಮಿ ಇಲ್ಲ ಅಂದ್ರಲ್ಲ. ನೀವು ಅಲ್ಲಿಯವರೇ ಆದ್ದರಿಂದ ನಿಮಗೆ ಕಲಿಯೋದೇನೂ ಇಲ್ಲ ಬಿಡಿ. ನಲವತ್ತು ಜನ ಬರ್ತಾರೆ. ಊಟ, ವಸತಿ, ಸ್ನಾನಕ್ಕೆ ಬಿಸಿನೀರು, ಎಲ್ಲ ನಿಮ್ಮದೇ ಜವಾಬ್ದಾರಿ.”

ಬೂತಿನ ಗಾಜಿನಾಚೆ ಸಂಜೆಯ ಬಿಸಿಲಿನಲ್ಲಿ ಕುಂತಿಬೆಟ್ಟ ಕೆಂಪಗೆ ನಗುತ್ತ ನಿಂತಿತ್ತು. ಅವನು ಹುಟ್ಟಿದಂದಿನಿಂದ, ಮೂವತ್ತೈದು ವರ್ಷದಿಂದ, ಎಲ್ಲಿ ನಿಂತಿತ್ತೋ ಅಲ್ಲೇ.

ವಿಷಯ ಬೂತಿನ ಹೊರಗೆ ನಿಂತಿದ್ದ ಊರಿಗೆಲ್ಲ ತಿಳಿಯಿತು. ಮೊದಲು ನಕ್ಕವಳು ಯಶೋಧ. ಆಮೇಲೆ ಬೈರಮ್ಮ. ಕೊನೆಗೆ ಚಲುವರಾಜುವಿಗೂ ತಡೆಯಲಾಗಲಿಲ್ಲ. ಒಣಗಿದ ಕೆಸರು ಕೆನ್ನೆಯಿಂದ ಪದರ ಪದರವಾಗಿ ಉದುರಿತು.

ರಾತ್ರಿ ಊಟಕ್ಕೆ ಅವರೆಕಾಳಿನ ಸಾರು, ಮುದ್ದೆ. ಉಲ್ಲನ್ ಟೋಪಿ ಹಾಕಿಕೊಂಡೇ ಕೂತು ಚಲುವರಾಜು ತೃಪ್ತಿಯಾಗಿ ಉಂಡ. ಏನೇ ಆಗಲಿ, ಆರಿಸಿದ್ದು ತಪ್ಪಾಗಿರಲಿಲ್ಲ. ಕೈ ತೊಳೆಯುವ ಹೊತ್ತಿಗೆ ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತಿದ್ದರು, ಬೆನ್ನಿಗೆ ಮಂಚಯ್ಯ.

“ಅಲ್ಲಪ್ಪ ಚಲುವರಾಜು, ನಲವತ್ತು ಜನ ಬರ್ತಾರೆ ಅಂತೀಯ. ಕೂರೋಕೆ ಬೆಂಚೇ ಸಾಲದಲ್ಲ!”

ಚಲುವರಾಜು ಮೂಲೆಯಲ್ಲಿ ಒರಗಿಸಿದ್ದ ಅಗಲದ ಹಲಗೆಗಳನ್ನು ತಂದು ಮುಂದಿಟ್ಟ. ಮಂಚಯ್ಯ ಮೂತಿಯ ತಗಡು ಕಿತ್ತು, ಹಲಗೆಯನ್ನು ತಟ್ಟಿ ನೋಡಿದ.

“ಸದ್ಯ, ಅಗಲದ್ದು ಆರಿಸಿದ್ರಿ ಮೇಷ್ಟ್ರೇ,” ಎಂದ. “ಸಣ್ಣದರ ಮೇಲೆ ಯಾವನು ಕೂತ್ಕತಿದ್ದ?”