ಕೋಳಿಗಳ ನಡಿಗೆ ನೋಡುವ ಮಾವ

ನಮ್ಮ ಸೋದರಮಾವನಿಗೆ ಯಾರ ಮುಖವೂ ನೆನಪಿರುವುದಿಲ್ಲ. ಕಾಲು ಮಾತ್ರ ಮರೆಯುವುದಿಲ್ಲ! ಬಸ್‌ಸ್ಟ್ಯಾಂಡಿನಲ್ಲಿ ಹಳೇ ದೋಸ್ತ ಸಿಕ್ಕರೆ ಕ್ಷೇಮಸಮಾಚಾರ ಆಮೇಲೆ. ಮೊದಲು, "ನಾಕ್ ಹೆಜ್ಜಿ ನಡದು ತೋರ್ಸು" ಎನ್ನುತ್ತಾನೆ.

ಕಾನಹೊಸಹಳ್ಳಿ ಹತ್ತಿರ ಅವನದೊಂದು ಬ್ರಾಯ್ಲರ್ ಕೋಳಿ ಶೆಡ್ಡಿದೆ. ಕಂಪನಿಯವರು ಮರಿ ಕೊಡುತ್ತಾರೆ, ಮೇವು ಕೊಡುತ್ತಾರೆ, ಒಂದೂವರೆ ತಿಂಗಳೊಳಗೆ ಗಾಡಿ ತಂದು ತುಂಬಿಕೊಂಡು ಹೋಗುತ್ತಾರೆ. ಆ ಮರಿಗಳ ಮೈ ಬೆಳೆಯುವ ಅವಸರಕ್ಕೆ ಪಾಪ, ಕಾಲು ಹಿಂದೆ ಬೀಳುತ್ತದೆ. ಅದಕ್ಕೇ ಮಾವ, ಮೊಟ್ಟೆಯನ್ನೂ ಮುಟ್ಟದ ವಿಭೂತಿಯ ಮನುಷ್ಯ, ದಿನಾ ಬೆಳಿಗ್ಗೆ ಕೋಳಿಗಳ ನಡುವೆ ಚಪ್ಪಾಳೆ ತಟ್ಟುತ್ತಾ ಓಡಾಡುತ್ತಾನೆ. "ಏಳ್ರವ್ವಾ, ನಡೀರಿ! ಕುಂತ್ರ ಕಾಲು ಹಿಡಕಂತಾವು!" ಕೋಳಿಗೆ ಬಹುವಚನ, ನನಗೆ "ಲೇ"! ಯಾರ ಹತ್ತಿರ ಹೇಳಿಕೊಳ್ಳಲಿ?

ಹೋದ ಮಳೆಗಾಲದಲ್ಲಿ ನನ್ನ ತಂಗಿಗೆ ಗಂಡು ನೋಡಲು ಹೂವಿನಹಡಗಲಿಗೆ ಹೊರಟವನು ಶೆಡ್ಡನ್ನು ನನಗೆ ಒಪ್ಪಿಸಿದ. "ಮಳಿ ಬಂದ್ರ ಮೊದ್ಲು ಪರದಿ ಇಳಸು. ಹೊಟ್ಟು ತೊಯ್ತೋ, ಕಾಲು ಹೋದ್ವು ಅಂತ ತಿಳಿ!" ಪರದಿಯೆಂದರೆ ಶೆಡ್ಡಿನ ಜಾಲರಿ ಬದಿಗಳಿಗೆ ಇಳಿಬಿಡುವ ತಾಡಪತ್ರಿ, ಹೊಟ್ಟೆಂದರೆ ಮರಿಗಳ ಕೆಳಗೆ ಹಾಸುವ ಭತ್ತದ ಹೊಟ್ಟು.

ಹಡಗಲಿಯಲ್ಲಿ ಅವನು ಮಾಡಿದ್ದೇನು ಗೊತ್ತೆ? ಗಂಡಿನ ಓದು ಕೇಳಲಿಲ್ಲ, ನೌಕರಿ ಕೇಳಲಿಲ್ಲ. ಅವರ ಮಲ್ಲಿಗೆ ತೋಟದ ಬದುವಿನ ಮೇಲೆ ಹುಡುಗನನ್ನು ಈ ತುದಿಯಿಂದ ಆ ತುದಿಗೆ ನಡೆಸಿದನಂತೆ! ಮನೆಯವರೆಲ್ಲ ಕಂಗಾಲು. ಕೊನೆಗೆ, "ಹುಡುಗ ಚಲೋ ಅದಾನ. ಎಡಗಾಲು ತುಸು ಸೋಮಾರಿ ಐತಿ, ಮದಿವಿ ಆದ್ಮ್ಯಾಲೆ ಸರಿ ಹೋಗ್ತೈತಿ" ಎಂದು ತೀರ್ಪು ಕೊಟ್ಟನಂತೆ.

ಇತ್ತ ನಾನು? ಹೈವೇ ಪಕ್ಕದ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ-ಮಿರ್ಚಿ ಮುಂದಿಟ್ಟುಕೊಂಡು ದೇಶದ ರಾಜಕೀಯ ಸರಿಮಾಡುತ್ತಿದ್ದೆ. ಮಳೆ ಧೋ ಎಂದಿತು. ಇನ್ನೊಂದು ಪ್ಲೇಟು ಹೇಳಿದೆ. ಪರದೆ ನೆನಪಾಗಿ ಎದ್ದುಬಿದ್ದು ಓಡುವಷ್ಟರಲ್ಲಿ ಎರಚಲು ಹೊಡೆದು ಒಂದು ಬದಿಯ ಹೊಟ್ಟೆಲ್ಲ ಕೆಸರು! ಮೇಲೊಂದಿಷ್ಟು ಒಣ ಹೊಟ್ಟು ಚೆಲ್ಲಿ ಮುಚ್ಚಿಬಿಟ್ಟೆ. ಮಾವ ಬಂದಾಗ ಹೇಳಬೇಕಿತ್ತು. ಧೈರ್ಯ ಬರಲಿಲ್ಲ.

ಐದಾರು ದಿನಕ್ಕೆ ಆ ಬದಿಯ ಮರಿಗಳು ಕೂತಲ್ಲೇ ಕೂತವು. ಪಾದದಡಿ ಕಪ್ಪು ಹುಣ್ಣು. ಮಾವ ಒಂದೊಂದನ್ನೇ ಎತ್ತಿ ನೋಡಿದ. ಅವನು ಹೊಟ್ಟನ್ನು ಬುಡದವರೆಗೆ ಕೆದರಿ ತೆಗೆದ, ಹೊಸದು ಹಾಸಿದ, ಏಳಲಾರದವನ್ನು ಬೇರೆ ಮಾಡಿ ಕೊಕ್ಕಿಗೇ ನೀರು ಹಿಡಿದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು! ಇವು ಏಳದಿದ್ದರೆ? ನನ್ನ ಕೆಲಸವೆಂದು ಗೊತ್ತಾದರೆ? ರೊಟ್ಟಿ ಮುರಿದು ಹಾಗೇ ತಾಟಿನಲ್ಲಿ ಬಿಟ್ಟು ಏಳುತ್ತಿದ್ದೆ.

ನಾಲ್ಕನೆಯ ದಿನ ಕಂಪನಿಯ ಸೂಪರ್‌ವೈಸರ್ ಬಂದ. "ಒಂದಿಷ್ಟು ಕುಂಟಿದ್ರ ಏನಾತ್ರಿ? ಅಂಗಡ್ಯಾಗ ಯಾರು ನಡಿಸಿ ನೋಡಿ ತಗಂತಾರ?"

ಮಾವ ಕೆಂಡವಾದ. "ಇವುಕ್ಕ ಇರಾದ ನಲವತ್ತು ದಿನ್ರೀ! ಅಷ್ಟೂ ದಿನ ನೋವು ತಿಂತಾ ಕುಂದ್ರಬೇಕೇನು?"

"ಆತು ಬಿಡ್ರಿ. ಹೊಟ್ಟು ತೊಯ್ಯಾಕ ಬಿಟ್ಟೋರು ಯಾರು? ಮ್ಯಾಲಿನೋರಿಗೆ ಬರದು ಕಳಸ್ಬೇಕು. ಮುಂದಿನ ಮರಿ ಬ್ಯಾಚ್ ಕೊಡಾದು ಬಿಡಾದು ಅವರಿಗೆ ಬಿಟ್ಟಿದ್ದು."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಾವ, "ನಾನ ರೀ. ಪರದಿ ಇಳಸಾದು ಮರ್ತೆ" ಎಂದುಬಿಟ್ಟ. ಹುಟ್ಟಿದಾಗಿನಿಂದ ಪರದೆ ಮರೆತವನಲ್ಲ ಅವನು! ಸೂಪರ್‌ವೈಸರ್ ಬರೆದುಕೊಂಡು ಹೋದ.

"ಮಾವಾ, ಅವತ್ತು ನಾನು..."

"ಗೊತ್ತೈತಿ ಬಿಡಲೇ. ಹೊಟ್ಟು ಮ್ಯಾಲೆ ಒಣಾ, ಅಡ್ಯಾಗ ಹಸಿ. ಅದನ್ನ ನೋಡಿದಾಗನ ತಿಳೀತು." ಒಂದು ಮರಿಯನ್ನು ನನ್ನ ಅಂಗೈಗೆ ಇಟ್ಟ. "ನೀನೂ ನಾಕು ದಿನದಿಂದ ಸರಿಯಾಗಿ ಉಂಡಿಲ್ಲ. ಇದಕ್ಕ ನೀರು ಕುಡಸು, ಆಮ್ಯಾಲೆ ಇಬ್ರೂ ಉಣ್ಣಾಕ ಹೋಗಾನು."

ಮರಿ ನನ್ನ ಬೆರಳ ತುದಿಯ ನೀರನ್ನು ಕುಟುಕಿತು. ನನಗೆ ತಡೆಯಲಾರದಷ್ಟು ಅಳು ಬಂತು. ಮಾವ ನನ್ನ ಕಡೆ ನೋಡದೆ ಇನ್ನೊಂದು ಮರಿಯನ್ನು ಎತ್ತಿಕೊಂಡ.