ಮೇಜಿನ ನಡುವೆ ನಿಂತುಬಿಟ್ಟ ಬಸವನಹುಳುವಿಗೆ

ಮಾನ್ಯರೇ,

ತಮ್ಮ ಚಿಪ್ಪಿಗೂ, ಚಿಪ್ಪಿನೊಳಗೆ ಸದ್ಯ ತಾವು ಇದ್ದರೆ ತಮಗೂ, ದೊಡ್ಡದು ಚಿಕ್ಕದು ಎಂಬ ಭೇದವಿಲ್ಲದೆ ತಮ್ಮ ನಾಲ್ಕೂ ಕೊಂಬುಗಳಿಗೂ ಈ ದರ್ಜಿಯ ಅನಂತ ವಂದನೆಗಳು. ತಾವು ಬೀಡುಬಿಟ್ಟಿರುವ ಬಟ್ಟೆ ಕತ್ತರಿಸುವ ಮೇಜಿನ ಮಾಲೀಕ ನಾನೇ. ತಮ್ಮಂಥ ದೊಡ್ಡವರಿಗೆ ಹೀಗೆ ಊರೆಲ್ಲ ಓದುವಂತೆ ಪತ್ರ ಬರೆಯುವುದು ಅಧಿಕಪ್ರಸಂಗವೆಂದು ಬಲ್ಲೆ. ಖಾಸಗಿಯಾಗಿ ಹೇಳಿಕೊಳ್ಳೋಣವೆಂದರೆ ತಾವು ಬಾಗಿಲು ಹಾಕಿಕೊಂಡಿದ್ದೀರಿ.

ಮೊದಲಿಗೆ ಇತರ ಓದುಗರ ತಿಳುವಳಿಕೆಗಾಗಿ ಒಂದೆರಡು ಮಾತು. ನನ್ನ ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುವುದಿಲ್ಲ. ಹೊಲಿಗೆ ಯಂತ್ರಕ್ಕೂ ನಿಲುಗನ್ನಡಿಗೂ ನಡುವೆ ಉಳಿದ ಜಾಗವೇ ಅವರ ಶಾಲೆ, ಹೆಂಡತಿ ಬಸ್ ಓಡಿಸಲು ಹೊರಟ ಮೇಲೆ ನಾನೇ ಮೇಷ್ಟ್ರು. ಕೂಡುವುದು ಕಳೆಯುವುದು ಗುಂಡಿಗಳ ಡಬ್ಬದಲ್ಲಿ, ಅಳತೆಯೆಲ್ಲ ಟೇಪಿನಲ್ಲಿ, ಆಕಾರಗಳು ಚೂರುಬಟ್ಟೆಯಲ್ಲಿ, ಮಿಕ್ಕ ಲೋಕವೆಲ್ಲ ಪುಸ್ತಕಗಳಲ್ಲಿ. ಏಳು ವರ್ಷದ ದೊಡ್ಡವಳು ಮಾತಿಗೆ ಮಾತು ಜೋಡಿಸುವುದನ್ನು ಕಂಡು ಅವಳನ್ನು ವಕೀಲಮ್ಮ ಎನ್ನುತ್ತೇವೆ. ಐದು ವರ್ಷದ ಪುಟ್ಟಿ ಯಾವ ಬಿರುದಿಗೂ ಆಸೆಪಡದೆ ನಾನು ಗುರುತು ಹಾಕುವ ಸೀಮೆಸುಣ್ಣವನ್ನು ತಿನ್ನುತ್ತಾಳೆ.

ತಾವು ಸೇವೆಗೆ ಸೇರಿದ್ದು ಗೋಡೆಗಡಿಯಾರ ತೀರಿಕೊಂಡ ಮೇಲೆ. ಗಡಿಯಾರದ ಹೊಟ್ಟೆಯಲ್ಲಿ ಏನಿದೆ ಎಂಬ ಪಾಠಕ್ಕಾಗಿ ಮೂವರೂ ಸೇರಿ ಅದನ್ನು ಬಿಚ್ಚಿದೆವು. ಪಾಠ ಬಹಳ ಚೆನ್ನಾಯಿತು, ಆದರೆ ಮರಳಿ ಜೋಡಿಸುವಾಗ ಒಂದು ಹಿಡಿ ಹಲ್ಲುಚಕ್ರಗಳು ತಮಗೆ ಅಲ್ಲಿ ಎಂದೂ ಜಾಗವೇ ಇರಲಿಲ್ಲವೆಂಬಂತೆ ಹೊರಗುಳಿದವು. ಅದೇ ದಿನ ತಾವು ಸೊಪ್ಪಿನ ಕಟ್ಟಿನೊಳಗೆ ಕೂತು ಮನೆಗೆ ದಯಮಾಡಿಸಿದಿರಿ. ವಕೀಲಮ್ಮ ಕೂಡಲೇ ವಾದ ಮಂಡಿಸಿದಳು: “ಪಾಠ ಸಾಕು ಅಂತ ಅಪ್ಪ ಹೇಳಿದ್ರೆ ಅದು ಅಪ್ಪನ ಇಷ್ಟ. ಇವನು ಹೇಳಿದ್ರೆ ಯಾರಿಷ್ಟಾನೂ ಅಲ್ಲ.” ಹೀಗೆ ಮೇಜಿನ ಎರಡು ಅಂಚಿಗೂ ಗೆರೆ ಎಳೆದು, ಈ ಗೆರೆಯಿಂದ ಹೊರಟ ತಾವು ಆ ಗೆರೆಯನ್ನು ದಾಟಿದರೆ ಪಾಠ ಮುಗಿಯಿತೆಂದೂ, ನಡುದಾರಿಯಲ್ಲಿ ತಮ್ಮನ್ನು ಯಾರೂ ಮುಟ್ಟಬಾರದೆಂದೂ ಆಟದ ನಿಯಮವಾಯಿತು. ಗಂಟೆ ಮಾಮ ಎಂದು ತಮಗೆ ಹೆಸರಿಟ್ಟವಳು ಪುಟ್ಟಿ.

ತಮ್ಮ ಸೇವೆಯನ್ನು ಎಷ್ಟು ಹೊಗಳಿದರೂ ಕಡಿಮೆ. ತಾವು ತಡವಾಗಿ ಬಂದಿದ್ದಿಲ್ಲ, ಏಕೆಂದರೆ ಎಲ್ಲಿಗೂ ಹೋಗಿರಲಿಲ್ಲ. ವಸತಿ ಕೇಳಲಿಲ್ಲ, ಬೆನ್ನ ಮೇಲೇ ಹೊತ್ತು ತಂದಿದ್ದಿರಿ. ಕಳೆಯುವ ಲೆಕ್ಕದ ದಿನ ಆಚೆ ಗೆರೆಯ ಬಳಿ ಸೌತೆಕಾಯಿ ಚೂರಿಟ್ಟರೆ ತಾವು ಬೇಗ ತಲುಪುತ್ತೀರೆಂದೂ, ಕಥೆ ಓದುವ ದಿನ ಅದೇ ಚೂರನ್ನು ಹೊರಟ ಗೆರೆಯ ಬಳಿಯೇ ಇಟ್ಟರೆ ಕಥೆ ಮುಗಿದರೂ ಹೊತ್ತು ಮುಗಿಯುವುದಿಲ್ಲವೆಂದೂ ಮಕ್ಕಳು ತಾವಾಗಿಯೇ ಕಂಡುಕೊಂಡರು. ಗದರಬೇಕಾದ ನಾನು ಹಿಗ್ಗಿ ಹೀರೇಕಾಯಿಯಾದೆ. ದೂರ, ವೇಗ, ಕಾಲ ಎಂಬ ಮೂರನ್ನು ನನ್ನ ಮೇಷ್ಟ್ರು ಬೆತ್ತ ಹಿಡಿದು ಕಲಿಸಲು ಹೋಗಿ ಸೋತಿದ್ದರು, ತಾವು ಲೋಳೆ ಸವರುತ್ತ ಕಲಿಸಿಬಿಟ್ಟಿರಿ.

ಎಡವಟ್ಟಾದದ್ದು ನನ್ನಿಂದಲೇ. ಮನೆಯಲ್ಲಿ ಕಲಿಸಲು ಅನುಮತಿ ಕೋರಿದ ಅರ್ಜಿಯಲ್ಲಿ ‘ಪಾಠದ ಅವಧಿ’ ಎಂದು ಕೇಳಿದ್ದ ಕಡೆ, ತಲೆ ನೆಟ್ಟಗಿರುವ ಯಾರಾದರೂ ನಲವತ್ತು ನಿಮಿಷ ಎಂದು ಬರೆದು ಪಾರಾಗುತ್ತಿದ್ದರು. ನಾನು ಸತ್ಯವಂತನಾಗಲು ಹೋಗಿ ‘ಬಸವನಹುಳು ಮೇಜು ದಾಟುವವರೆಗೆ’ ಎಂದು ದುಂಡಗೆ ಬರೆದೆ. ಸೋಮವಾರ ಬೆಳಿಗ್ಗೆ ಮಕ್ಕಳನ್ನು ಪರೀಕ್ಷಿಸಲು ಒಬ್ಬರೇ ಬಂದ ಅಧಿಕಾರಿಗಳು ನಿಯಮವೆಂದರೆ ಪ್ರಾಣ ಬಿಡುವವರು. ಅರ್ಜಿಯಲ್ಲಿ ಹೇಳಿದ ಅವಧಿಯಲ್ಲೇ ಪರೀಕ್ಷೆ ನಡೆಯತಕ್ಕದ್ದು, ಅವಧಿ ಮುಗಿಯದೆ ಪರೀಕ್ಷಕರು ಸ್ಥಳ ಬಿಡತಕ್ಕದ್ದಲ್ಲ ಎಂದು ಓದಿ ಹೇಳಿ, ಸೌತೆಕಾಯಿಯನ್ನು ಲಂಚವೆಂದು ಪರಿಗಣಿಸಿ ಜಪ್ತಿ ಮಾಡಿ, ತಮ್ಮನ್ನು ಗೆರೆಯ ಮೇಲೆ ಇರಿಸಿ, ಪರೀಕ್ಷೆ ಶುರು ಎಂದರು. ತಾವು ಗಾಂಭೀರ್ಯದಿಂದ ಹೊರಟು, ಮೇಜಿನ ಸರಿಯಾಗಿ ನಡುಮಧ್ಯಕ್ಕೆ ಬಂದು, ಒಮ್ಮೆ ಅಧಿಕಾರಿಗಳ ಕಡೆಗೆ ಕೊಂಬು ತಿರುಗಿಸಿ, ಒಳಗೆ ಹೋದಿರಿ. ಇಂದು ಶುಕ್ರವಾರ.

ಅಧಿಕಾರಿಗಳು ಇನ್ನೂ ನಮ್ಮ ಮನೆಯಲ್ಲೇ ಇದ್ದಾರೆ ಎಂಬುದನ್ನು ತಮ್ಮ ಗಮನಕ್ಕೆ ತರಲು ವಿಷಾದಿಸುತ್ತೇನೆ. ಗಿರಾಕಿಗಳು ಅಳತೆ ನೋಡುವ ಪರದೆಯ ಹಿಂದೆ ಅವರು ಮಲಗುತ್ತಾರೆ, ಇನ್ನೂ ಒಯ್ಯದ ಯಾರದೋ ಪೈಜಾಮ ತೊಡುತ್ತಾರೆ, ಅದು ಮೊಣಕಾಲಿಗಷ್ಟೇ ಬರುತ್ತದೆ. ತಂದಿದ್ದ ಪ್ರಶ್ನೆಗಳು ಮೊದಲ ದಿನವೇ ಮುಗಿದವು. ಎರಡನೆಯ ದಿನ ಅವರೇ ಪ್ರಶ್ನೆ ಕಟ್ಟಿದರು. ಮೂರನೆಯ ದಿನದಿಂದ ವಕೀಲಮ್ಮ ಅವರನ್ನು ಕೇಳುತ್ತಿದ್ದಾಳೆ, ಕೇಳಬಾರದೆಂದು ನಿಯಮದಲ್ಲಿ ಎಲ್ಲೂ ಇಲ್ಲವಂತೆ. ಜೋಡಿ ಹುಡುಕುವ ಎಲೆಯಾಟದಲ್ಲಿ ಪುಟ್ಟಿಯ ಕೈಯಲ್ಲಿ ಸೋತು ಸೋತು ಅವರಿಗೆ ಊಟ ಸೇರುತ್ತಿಲ್ಲ. ಸಂಜೆ ಬಸ್ ಡಿಪೋದಿಂದ ಬಂದ ನನ್ನಾಕೆ ಅವರನ್ನು ಒಮ್ಮೆ, ತಮ್ಮನ್ನು ಒಮ್ಮೆ ನೋಡಿ, “ಬಸ್ಸಿಗಾದ್ರೂ ಕೊನೇ ಸ್ಟಾಪು ಅಂತ ಇರುತ್ತೆ” ಎಂದು ನಿಟ್ಟುಸಿರಿಟ್ಟು ಇನ್ನೊಂದು ತಟ್ಟೆ ತೊಳೆದಿಡುತ್ತಾಳೆ.

ಇಷ್ಟಾದರೂ ಆ ಮಹನೀಯರ ಮನಸ್ಸು ಒಂದಿಂಚೂ ಅಲ್ಲಾಡಿಲ್ಲ. ಮಕ್ಕಳು ಸರಾಗವಾಗಿ ಓದುತ್ತಾರೆ, ಲೆಕ್ಕ ಮಾಡುತ್ತಾರೆ, ಜೇಬು ಹೊಲಿಯುತ್ತಾರೆ ಎಂಬುದನ್ನೆಲ್ಲ ಒಪ್ಪಿಕೊಂಡೇ ದಿನಕ್ಕೊಮ್ಮೆ ತಪ್ಪದೆ ಹೇಳುತ್ತಾರೆ: “ನೋಡಿ, ಗಡಿಯಾರದ ಬದಲು ಹುಳ ಇಟ್ಕೊಂಡಿರೋ ಮನೇನ ಶಾಲೆ ಅಂತ ನಾನು ಬರೆಯೋಕಾಗಲ್ಲ. ಪರೀಕ್ಷೆ ಮುಗೀಲಿ, ಇಬ್ಬರನ್ನೂ ನಾಳೆಯಿಂದಲೇ ಶಾಲೆಗೆ ಕಳಿಸಿ ಅಂತ ಸಹಿ ಹಾಕಿ ಹೋಗ್ತೀನಿ.” ಇದನ್ನು ಕೇಳಿದಾಗೆಲ್ಲ ಹಾಕಿದ ಹೊಲಿಗೆಯನ್ನೇ ಬಿಚ್ಚಿ ಮತ್ತೆ ಹಾಕುತ್ತೇನೆ, ಮಾನ್ಯರೇ. ನನಗೆ ಶಾಲೆಯ ಮೇಲೆ ದ್ವೇಷವಿಲ್ಲ. ಆದರೆ ಪುಟ್ಟಿ ನನ್ನ ಕಾಲ ಬಳಿ ಕೂತು, ಅಕ್ಷರಕ್ಕೆ ಅಕ್ಷರ ಪೋಣಿಸಿ ಮೊದಲ ಬಾರಿ ಒಂದು ಇಡೀ ವಾಕ್ಯ ಓದಿ, ತಾನೇ ಬೆರಗಾಗಿ ತಲೆಯೆತ್ತಿದಳಲ್ಲ, ಆಗ ಅಲ್ಲಿದ್ದವನು ನಾನು. ಅಂಥದ್ದು ಇನ್ನೂ ಎಷ್ಟೋ ಬಾಕಿಯಿದೆ, ಆಗೆಲ್ಲ ನಾನು ಅಲ್ಲಿರಬೇಕು.

ಅದಿರಲಿ, ಕರ್ತವ್ಯ ಕರ್ತವ್ಯವೇ. ಅಧಿಕಾರಿಗಳ ಅಪ್ಪಣೆಯಂತೆ ತಮ್ಮಲ್ಲಿ ವಿನಂತಿಸುವುದೇನೆಂದರೆ, ಈ ಪತ್ರ ತಲುಪಿದ ಕೂಡಲೇ ಹೊರಬಂದು ಉಳಿದ ಅರ್ಧ ಮೇಜನ್ನು ದಾಟಬೇಕು. ದಾಟಲಾಗದಿದ್ದರೆ ಕಾರಣವನ್ನು ಮೂರು ಪ್ರತಿಗಳಲ್ಲಿ ಬರೆದು ಚಿಪ್ಪಿನ ಹೊರಗೆ ಅಂಟಿಸಬೇಕು. ತಾವು ನಿದ್ರೆಯಲ್ಲಿದ್ದರೆ, ನಿದ್ರೆ ಬರುವ ಒಂದು ವಾರ ಮೊದಲೇ ರಜೆ ಅರ್ಜಿ ಹಾಕಿದ್ದಿರೆಂದು ಈಗಲಾದರೂ ತಿಳಿಸಬೇಕು. ತಪಸ್ಸಿನಲ್ಲಿದ್ದರೆ, ವರ ಕೊಡುವವರು ಬರುವ ದಾರಿಯಲ್ಲಿ ಪರೀಕ್ಷಕರು ಕೂತಿದ್ದಾರೆಂದು ಎಚ್ಚರಿಸುತ್ತೇನೆ. ಇದ್ಯಾವುದೂ ಸಾಧ್ಯವಾಗದಿದ್ದರೆ ತಾವು ಇದ್ದಲ್ಲೇ ಇದ್ದು ಮೇಜನ್ನಾದರೂ ಹಿಂದಕ್ಕೆ ಸರಿಸಿಕೊಳ್ಳಬಹುದೇ ಎಂದು ಪರಿಶೀಲಿಸಬೇಕು. ಪುಟ್ಟಿ ಮಾತ್ರ ತನ್ನದೇ ಮನವಿ ಸಲ್ಲಿಸಿದ್ದಾಳೆ. ಮುಟ್ಟಬಾರದೆಂಬ ನಿಯಮವಿರುವುದರಿಂದ ಚಿಪ್ಪಿನ ಹತ್ತಿರ ಬಾಯಿಟ್ಟು, “ಮಾಮ, ನಿಂಗೆ ಯಾರಾದ್ರೂ ಬೈದ್ರಾ?” ಎಂದು ಕೇಳಿ, ಉತ್ತರಕ್ಕಾಗಿ ಬಹಳ ಹೊತ್ತು ಕಾದಳು. ಅವಳಿಗಾದರೂ ಒಂದು ಮಾತು ಹೇಳಬಹುದಿತ್ತು.

ತಮ್ಮ ಕೊಂಬಿನ ತುದಿ ಕಂಡರೂ ಜನ್ಮ ಸಾರ್ಥಕವೆಂದುಕೊಂಡಿರುವ,

ತಮ್ಮ ವಿಶ್ವಾಸಿ,
ಮೇಜು ಕಳೆದುಕೊಂಡ ದರ್ಜಿ

ಮರೆತ ಮಾತು: ಇಲ್ಲಿಯವರೆಗಿನದನ್ನು ಅಧಿಕಾರಿಗಳು ಓದಿ, ವಿನಯ ಇನ್ನೂ ಸ್ವಲ್ಪ ಇರಬಹುದಿತ್ತು ಎಂದು ಹೇಳಿ, ಸ್ನಾನಕ್ಕೆ ಹೋದರು. ಇನ್ನು ಮುಂದಿನದು ತಮಗೊಬ್ಬರಿಗೇ. ಮೇಲೆ ಬರೆದ ಒಂದಕ್ಷರವನ್ನೂ ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಗಾಳಿ ಒಣಗಿದರೆ ತಮ್ಮ ಕುಲದವರು ಬಾಗಿಲಿಗೆ ತೆಳು ಪರದೆ ಕಟ್ಟಿಕೊಂಡು ತಿಂಗಳುಗಟ್ಟಲೆ ಮಲಗುತ್ತಾರೆಂದು ವಕೀಲಮ್ಮ ಪುಸ್ತಕದಲ್ಲಿ ಓದಿ ತಿಳಿದಿದ್ದಾಳೆ. ಪ್ರಪಂಚದ ಎಲ್ಲವನ್ನೂ ಕೇಳಿದ ಅಧಿಕಾರಿಗಳು ಅದೊಂದನ್ನು ಮಾತ್ರ ಕೇಳಲಿಲ್ಲ, ಕೇಳದ್ದಕ್ಕೆ ಉತ್ತರಿಸುವ ಅಭ್ಯಾಸ ಅವಳಿಗಿಲ್ಲ. ಅವರಿಗೆ ಸೆಕೆ ತಡೆಯಲಾಗದು, ಹಗಲಿರುಳು ಫ್ಯಾನು ತಿರುಗುತ್ತಲೇ ಇದೆ, ಆರಿಸಲು ನಾವ್ಯಾರೂ ಹೋಗುವುದಿಲ್ಲ. ತಾವು ಒಳಗಿರುವಷ್ಟು ದಿನ ಮಕ್ಕಳಿಬ್ಬರೂ ನನ್ನ ಕಣ್ಣೆದುರಿಗೇ ಇರುತ್ತಾರೆ, ಆದ್ದರಿಂದ ನಿಶ್ಚಿಂತೆಯಿಂದ ಮಲಗಿ. ಅಧಿಕಾರಿಗಳ ಎದೆ, ತೋಳು, ಭುಜದ ಅಳತೆಯನ್ನು ನಿನ್ನೆಯೇ ತೆಗೆದುಕೊಂಡಿದ್ದೇನೆ. ಮೇಜು ತಮ್ಮ ವಶದಲ್ಲಿರುವುದರಿಂದ ನೆಲದ ಮೇಲೇ ಬಟ್ಟೆ ಹಾಸಿ, ಚಳಿಗಾಲಕ್ಕೆಂದು ಅವರಿಗೊಂದು ದಪ್ಪ ಕೋಟು ಕತ್ತರಿಸುತ್ತಿದ್ದೇನೆ.