ಈ ಫೋನ್ ನಮ್ಮದು

ಹೊಗಳಿಕೆಯ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ. ಸಾರು ಬಡಿಸಿ, ತುತ್ತು ಬಾಯಿಗೆ ಹೋಗುವ ಮೊದಲೇ "ಹೇಗಿದೆ?" ಎಂದು ಕೇಳುವವರ ಪೈಕಿ ನಾನು. ಅಂಥವಳು ಐವತ್ತು ದಾಟಿದ ಮೇಲೆ ವೆಬ್‌ಸೈಟ್ ಮಾಡುವುದನ್ನು ಕಲಿತರೆ ಸುಮ್ಮನಿರುವುದುಂಟೇ? ಕೃಷ್ಣರಾಜನಗರದಲ್ಲಿ ಇಪ್ಪತ್ತು ವರ್ಷ ಟೈಪಿಂಗ್ ಕಲಿಸಿದ ಕೈ ಇದು. ಟೈಪ್‌ರೈಟರುಗಳು ಗುಜರಿಗೆ ಹೋದವು, ಕಂಪ್ಯೂಟರ್ ಬಂತು, ಕುರ್ಚಿಯೂ ನಾನೂ ಹಾಗೇ ಉಳಿದೆವು. ಕುರ್ಚಿಯ ಒಂದು ಕಾಲು ಮೋಟಾಗಿದೆ, ಅಡಿಗೆ ಶಾರ್ಟ್‌ಹ್ಯಾಂಡ್ ಪುಸ್ತಕ ಕೊಟ್ಟಿದ್ದೇನೆ.

ಪಕ್ಕದ ಹಳ್ಳಿಯ ರೈತ ಸಂಘದಲ್ಲಿ ಭತ್ತ ಕೊಯ್ಯುವ ಮಿಷನ್ ಒಂದಿದೆ. ಅದರ ಸರದಿಯನ್ನು ಫೋನಿನಲ್ಲೇ ಹಿಡಿಯುವಂತೆ ವೆಬ್‌ಸೈಟ್ ಮಾಡಿಕೊಟ್ಟವಳು ನಾನೇ. ಪಾಸ್‌ವರ್ಡ್ ಒಂದನ್ನು ಬಿಟ್ಟರೆ ಎಲ್ಲ ಚೆನ್ನಾಗಿತ್ತು. ದಿನಕ್ಕೆ ನಾಲ್ಕು ಜನ ಫೋನ್ ಮಾಡಿ ತಮ್ಮ ಪಾಸ್‌ವರ್ಡ್ ಏನೆಂದು ನನ್ನನ್ನು ಕೇಳುತ್ತಿದ್ದರು. ಅದು ನನಗೂ ಕಾಣುವುದಿಲ್ಲ ಎಂದರೆ, ಈಯಮ್ಮನಿಗೆ ಜಂಬ ಎಂದುಕೊಳ್ಳುತ್ತಿದ್ದರು. ಜಂಬ ಇರುವುದು ನಿಜ, ಪಾಸ್‌ವರ್ಡ್ ಕಾಣದಿರುವುದೂ ನಿಜ. ಕೊನೆಗೆ ಸಂಘದವರು, ಒಂದು ಸಲ ಒಳಗೆ ಬಂದವರನ್ನು ವೆಬ್‌ಸೈಟೇ ನೆನಪಿಟ್ಟುಕೊಳ್ಳುವ ಹಾಗೆ ಮಾಡಿ ಎಂದರು.

ಮಾಡಿದೆ. ಎಂಥ ಭದ್ರ ಕೆಲಸ ಅಂತೀರಿ! ಪಾಸ್‌ವರ್ಡನ್ನು ಫೋನಿನಲ್ಲಿ ಬಚ್ಚಿಡುವ ಹುಡುಗಾಟ ನನ್ನದಲ್ಲ. ಯಾರೂ ಊಹಿಸಲಾಗದ ಉದ್ದನೆಯ ಅಂಕಿಯ ಚೀಟಿಯೊಂದನ್ನು ಫೋನಿಗೆ ಕೊಡುತ್ತೇನೆ. ನನ್ನ ಕಡೆ ಇಟ್ಟುಕೊಳ್ಳುವುದು ಆ ಅಂಕಿಯನ್ನಲ್ಲ, ಅದನ್ನು ಅರೆದ ಚಟ್ನಿಯನ್ನು. ಚಟ್ನಿ ಕದ್ದವನು ಅದರಿಂದ ಮತ್ತೆ ತೆಂಗಿನಕಾಯಿ ಮಾಡಲಾರ. ಒಮ್ಮೆ ತೋರಿಸಿದ ಚೀಟಿ ಅಲ್ಲಿಗೆ ರದ್ದು, ಕೈಗೆ ಹೊಸದು. ಹಳೇ ಚೀಟಿ ಹಿಡಿದು ಯಾರಾದರೂ ಬಂದರೆ ವೆಬ್‌ಸೈಟು ಕಳ್ಳನೆಂದು ತಿಳಿದು ಆ ಹೆಸರಿನ ಎಲ್ಲ ಚೀಟಿಗಳನ್ನೂ ಹರಿದು ಹಾಕುತ್ತದೆ. ಇದನ್ನೆಲ್ಲ ನಮ್ಮ ಯಜಮಾನರಿಗೆ ಮೂರು ಸಲ ವಿವರಿಸಿದೆ. ಮೂರನೆಯ ಸಲ ಅವರು ಎದ್ದು ತೋಟದ ಕಡೆ ಹೋದರು.

ಇನ್ನು, ನೆನಪಿಡಬೇಕೆಂದರೆ ಗುರುತು ಹಾಕುವ ಚೌಕಕ್ಕೊಂದು ಹೆಸರು ಬೇಕಿತ್ತು. 'ಈ ಫೋನ್ ನನ್ನದು' ಎಂದರೆ ನಮ್ಮ ಕಡೆ ಗಂಟುಮೋರೆಯವರ ಮಾತಿನಂತೆ ಕೇಳುತ್ತದೆ. ಮರ್ಯಾದೆಯಾಗಿರಲಿ ಎಂದು 'ಈ ಫೋನ್ ನಮ್ಮದು, ನೆನಪಿಟ್ಟುಕೊಳ್ಳಿ' ಎಂದು ಬರೆದೆ. ಆ ಸಾಲಿನ ಬಗ್ಗೆಯೂ ನನಗೆ ಹೆಮ್ಮೆಯಿತ್ತು.

ಒಂದು ಮಂಗಳವಾರ ಬೆಳಿಗ್ಗೆ ನಿಂಗೇಗೌಡರು ನನ್ನ ಟೈಪಿಂಗ್ ಸೆಂಟರಿಗೆ ಬಂದರು. ಅರವತ್ತು ದಾಟಿದ, ಮೆಲುಮಾತಿನ ರೈತರು. ಅಂದು ಅವರ ಸರದಿ. ಮಿಷನ್ ಮಾತ್ರ ಅವರ ಗದ್ದೆ ದಾಟಿ ಮುಂದಿನವರ ಗದ್ದೆಗೆ ಹೋಗಿತ್ತು.

"ಮೇಡಮ್ಮೋರೆ, ನನ್ ಸರದೀನ ಯಾರೋ ಕದ್ದವ್ರೆ. ಭತ್ತ ಉದುರ್ತಾ ಅದೆ, ಮೋಡ ಬೇರೆ ಕಟ್ಕತಾ ಅದೆ."

ನನ್ನ ವೆಬ್‌ಸೈಟಿಗೆ ಕಳ್ಳನೇ? ಚಟ್ನಿಯ ಕಥೆ ಶುರು ಮಾಡಿದೆ. ಅವರು ಕಿಟಕಿಯಾಚೆ ಮೋಡ ನೋಡುತ್ತಿದ್ದರು. ನಾಚಿಕೆಯಾಗಿ ಕಂಪ್ಯೂಟರ್ ತೆರೆದರೆ, ಸೋಮವಾರವೇ 'ಸರದಿ ಬೇಡ' ಎಂದು ಒತ್ತಿದವರು ಸ್ವತಃ ನಿಂಗೇಗೌಡರು ಎಂದಿತ್ತು. ಆದರೆ ಫೋನ್ ಬೇರೆ. ಕೆದಕಿ ಕೇಳಿದ ಮೇಲೆ ತಿಳಿಯಿತು: ಭಾನುವಾರ ಅವರ ಫೋನಿನ ಚಾರ್ಜ್ ಮುಗಿದು, ನೆರೆಮನೆಯ ಜಯಮ್ಮನ ಫೋನಿನಲ್ಲಿ ಸರದಿ ನೋಡಿದ್ದರು. ಚೌಕಕ್ಕೆ ಗುರುತನ್ನೂ ಹಾಕಿದ್ದರು.

"ಅದು ನಿಮ್ಮ ಫೋನಲ್ಲವಲ್ಲ ಗೌಡರೇ?" ಎಂದೆ.

"ನಮ್ ಜಯಮ್ಮಂದು ನಮ್ದಲ್ವಾ? ಅವಳ್ ಜಗಲಿ ಮೇಲೇ ಕುಂತ್ಕಂಡು ನಮ್ದಲ್ಲ ಅಂತ ಎಂಗನ್ನಾದು?"

ವೆಬ್‌ಸೈಟು ಅವರನ್ನು ಜಯಮ್ಮನ ಫೋನಿನಲ್ಲಿ ಭದ್ರವಾಗಿ ನೆನಪಿಟ್ಟುಕೊಂಡಿತ್ತು. ಸೋಮವಾರ ಆಕೆ ತೆರೆದು ನೋಡಿದರೆ 'ನಿಮ್ಮ ಸರದಿ ನಾಳೆ'. ಮೇಲೆ ನಾನು ಅಂದಕ್ಕೆಂದು ಸಣ್ಣಕ್ಷರದಲ್ಲಿ ಹಾಕಿದ್ದ ಹೆಸರು ಆಕೆಗೆ ಕಾಣಲಿಲ್ಲ. ತನ್ನ ಪೈರು ಇನ್ನೂ ಹಸಿರು, ಗುರುವಾರದ ತನ್ನ ಸರದಿ ಇಷ್ಟು ಬೇಗ ಯಾಕೆ ಬಂತೋ ಎಂದುಕೊಂಡು 'ಬೇಡ' ಒತ್ತಿದ್ದಳು. ಇಡೀ ಲೋಕದ ಕಳ್ಳರನ್ನು ಹೊರಗಿಟ್ಟಿದ್ದ ನಾನು ಒಂದು ಜಗಲಿಯ ಮುಂದೆ ಸೋತಿದ್ದೆ.

ಜಯಮ್ಮನಿಗೆ ಫೋನ್ ಮಾಡಿದೆ. ಆಕೆ ಪೂರ್ತಿ ಕೇಳಲೂ ಇಲ್ಲ. "ನನ್ ಗುರುವಾರದ್ನ ಅಣ್ಣಂಗೇ ಬರ್ಕಳಿ. ನಂದು ತಡ್ಕತದೆ, ಅವರ್ದು ತಡ್ಕಳಲ್ಲ" ಎಂದಳು.

ಎರಡು ದಿನ ನನಗೆ ಊಟ ಸೇರಲಿಲ್ಲ. ಮೋಡ ನೋಡುವುದು, ವೆಬ್‌ಸೈಟ್ ತಿದ್ದುವುದು, ಮತ್ತೆ ಮೋಡ ನೋಡುವುದು. ಹೆಸರನ್ನು ದಪ್ಪಕ್ಷರಕ್ಕೆ ಏರಿಸಿದೆ. ಚೀಟಿ ಎಷ್ಟೇ ಸರಿಯಿರಲಿ, ಸರದಿ ಬಿಡುವ ಮುನ್ನ ಪಾಸ್‌ವರ್ಡ್ ಕೇಳಿಯೇ ತೀರುವಂತೆ ಮಾಡಿದೆ. ಚೌಕದ 'ನಮ್ಮದು' ಕಿತ್ತುಹಾಕಿ, 'ಈ ಫೋನ್ ನಾನು ಮಾತ್ರ ಬಳಸುವುದು' ಎಂದು ನಿಷ್ಠುರವಾಗಿ ಬರೆದೆ. ಈಗ ಹೇಳುತ್ತೇನೆ, ಇಡೀ ಮೈಸೂರು ಜಿಲ್ಲೆ ಹುಡುಕಿದರೂ ಇಂಥ ಬಂದೋಬಸ್ತು ಸಿಗಲಿಕ್ಕಿಲ್ಲ.

ಗುರುವಾರ ತಡೆಯಲಾರದೆ ಗದ್ದೆಗೇ ಹೋದೆ. ಮಳೆ ಬರಲಿಲ್ಲ. ಮಿಷನ್ ಬಂತು, ಮಧ್ಯಾಹ್ನದ ಹೊತ್ತಿಗೆ ಭತ್ತವೆಲ್ಲ ಟಾರ್ಪಾಲಿನ ಮೇಲೆ ರಾಶಿಯಾಯಿತು. ನಿಂಗೇಗೌಡರ ಮುಖ ಸಡಿಲವಾದದ್ದು ನೋಡಿ ನನಗೆ ಕಣ್ಣು ತುಂಬಿತು. ಬದುವಿನ ಮೇಲೆ ಕೊಡೆ ಹಿಡಿದು ನಿಂತ ಈ ಹೆಂಗಸು ಯಾರೆಂದು ಮಿಷನ್ನಿನ ಡ್ರೈವರ್ ಅವರನ್ನು ಕೇಳಿದ.

"ಅವ್ರಾ? ನಮ್ ಮೇಡಮ್ಮು ಕಣಪ್ಪ. ಅವರೇ ಏನಾರಾ ಎಡವಟ್ ಮಾಡ್ತರೆ, ಆಮೇಕೆ ಅವರೇ ಕುಂತ್ಕಂಡು ಸರಿ ಮಾಡ್ತರೆ" ಎಂದರು ಗೌಡರು.

ಎಡವಟ್ಟಿನ ಮಾತನ್ನು ನಾನು ಕೇಳಿಸಿಕೊಳ್ಳಲಿಲ್ಲ. 'ನಮ್ ಮೇಡಮ್ಮು' ಎಂದರಲ್ಲ, ಅಷ್ಟಕ್ಕೇ ಉಬ್ಬಿಹೋಗಿ ಕೊಡೆ ಮಡಿಸಿ ಬಿಸಿಲಿನಲ್ಲೇ ನಿಂತುಬಿಟ್ಟೆ, ಎಲ್ಲರಿಗೂ ಮುಖ ಕಾಣಲಿ ಎಂದು.